ಸಾಗವಾನಿ ಗಿಡದ ಮಳೆ ಲೆಕ್ಕ

ಕಡಿಯುವಾಗ ಗಿಡ ಪಕ್ಕದ ಹೊಲದವರ ಜೋಳದ ಮೇಲೆ ಬೀಳಬಹುದು. ಬಿದ್ದ ಹೊಡೆತಕ್ಕೆ ಬೊಡ್ಡೆ ಉದ್ದಕ್ಕೆ ಸೀಳಬಹುದು. ಒಳಗೆ ಪೊಳ್ಳಿರಬಹುದು, ಹೊರಗಿನಿಂದ ಪೈಲವಾನನಂತೆ ಕಾಣುವ ಎಷ್ಟೋ ಗಿಡಗಳ ಹೊಟ್ಟೆಯಲ್ಲಿ ಗೆದ್ದಲಿನ ಸಂಸಾರ ನಡೆದಿರುತ್ತದೆ. ಮೇಲೆ ಜೇನಿರಬಹುದು. ಗಿಡದ ಒಡತಿ ಕೊನೆ ಗಳಿಗೆಯಲ್ಲಿ ಮನಸ್ಸು ಬದಲಿಸಬಹುದು. ಆಕೆ ಬದಲಿಸದಿದ್ದರೆ ಆಕೆಯ ಮೈದುನರು ಬಡಿಗೆ ಹಿಡಿದು ಬಂದು ಬದು ನಮ್ಮದು ಅನ್ನಬಹುದು. ಪರವಾನಗಿಯಲ್ಲಿ ಸರ್ವೆ ನಂಬರು ತಪ್ಪಿರಬಹುದು. ಗಾಡಿಯ ಅಚ್ಚು ಮುರಿಯಬಹುದು. ಕಟ್ಟಿಗೆಗೆ ಯಾರಾದರೂ ಎಣ್ಣೆ ಸವರಬಹುದು, ಡಾಂಬರು ಬಳಿಯಬಹುದು. ರೈಲಿನಲ್ಲಿ ಅದನ್ನು ಕೂಡುವ ಮಣೆ ಎಂದುಕೊಂಡು ಯಾವನೋ ಎತ್ತಿಕೊಂಡು ಇಳಿಯಬಹುದು. ಪ್ರಯೋಗಾಲಯದಲ್ಲಿ ಕರೆಂಟು ಹೋಗಬಹುದು. ಜೀಪು ಕೆಡಬಹುದು ಎಂದು ಬರೆಯುವುದು ತಪ್ಪು, ಅದು ಕೆಡುತ್ತಲೇ ಇತ್ತು. ಇವೆಲ್ಲಕ್ಕಿಂತ ದೊಡ್ಡದು, ಸಂಶೋಧನೆಯ ಮುಖ್ಯಸ್ಥರಾದ ನಮ್ಮ ಡಾಕ್ಟರ್ ಸಾಹೇಬರು ತಾವೇ ಖುದ್ದಾಗಿ ಬರುತ್ತೇನೆ ಅನ್ನಬಹುದು.

ಇಷ್ಟನ್ನೂ ನಾನು ಮೊದಲೇ ಯೋಚಿಸಿ ಇಟ್ಟಿದ್ದೆ. ಯೋಚಿಸುವುದೇ ನನ್ನ ನಿಜವಾದ ವೃತ್ತಿ. ಸಂಬಳ ಮಾತ್ರ ಬೇರೆ ಕೆಲಸಕ್ಕೆ ಬರುತ್ತಿತ್ತು. ಐವತ್ತು ದಾಟುತ್ತಲೇ ಸ್ವಯಂ ನಿವೃತ್ತಿ ತೆಗೆದುಕೊಂಡೆ. ಅರ್ಜಿಯಲ್ಲಿ ಹೊಟ್ಟೆಹುಣ್ಣು ಕಾರಣ ಎಂದು ಬರೆದೆ. ಹೊಟ್ಟೆಹುಣ್ಣಿಗೆ ಏನು ಕಾರಣ ಎಂದು ಬರೆಯಲು ಅಲ್ಲಿ ಜಾಗವಿರಲಿಲ್ಲ.

ಈಗ ಇದೇ ಕೆಲಸಕ್ಕೆ ಸೇರುವ ಹುಡುಗರು, ಹುಡುಗಿಯರು ಮನೆಗೆ ಬರುತ್ತಾರೆ. ಆಗ ಹೇಗಿತ್ತು ಸರ್, ಅನ್ನುತ್ತಾರೆ. ಅವರಿಗೆ ಬೇಕಾದದ್ದು ಶೋಧನೆಯ ರೋಮಾಂಚನ. ನನ್ನ ಹತ್ತಿರ ಇರುವುದು ಕಿರಿಕಿರಿ. ಇದ್ದದ್ದನ್ನೇ ಕೊಡುತ್ತೇನೆ.

ಕೆಲಸ ಇಷ್ಟು. ಸಾಗವಾನಿಯಂಥ ಕೆಲವು ಗಿಡಗಳು ವರ್ಷಕ್ಕೊಂದು ಉಂಗುರದಂತೆ ಬೆಳೆಯುತ್ತವೆ. ಆಯಾ ವರ್ಷ ಕುಡಿದ ಮಳೆನೀರು ಆಯಾ ಉಂಗುರದ ಕಟ್ಟಿಗೆಯಲ್ಲಿ ಸೇರಿಕೊಂಡಿರುತ್ತದೆ. ಆ ನೀರಿನ ಆಮ್ಲಜನಕದಲ್ಲಿ ಎರಡು ಜಾತಿ, ಒಂದು ಕೊಂಚ ಹಗುರ, ಒಂದು ಕೊಂಚ ಭಾರ. ಮಳೆ ಜೋರಾದ ವರ್ಷ ಹಗುರದ್ದು ಹೆಚ್ಚು, ಮಳೆ ಕೈಕೊಟ್ಟ ವರ್ಷ ಭಾರದ್ದು ಹೆಚ್ಚು. ಒಂದೊಂದೇ ಉಂಗುರವನ್ನು ಬಿಡಿಸಿ ತೂಗಿದರೆ, ಮಳೆ ಅಳೆಯುವವರೇ ಇಲ್ಲದ ಕಾಲದ ಮಳೆಯನ್ನೂ ಹೇಳಬಹುದು. ಆದರೆ ಗಿಡ ಹೇಳುವುದು ಖರೆಯೋ ಸುಳ್ಳೋ ಎಂದು ಮೊದಲು ಪರೀಕ್ಷೆಯಾಗಬೇಕು. ಅದಕ್ಕೆ ಹೊರಗಿನ ಉಂಗುರಗಳು, ಅಂದರೆ ಇತ್ತೀಚಿನ ವರ್ಷಗಳವು, ಬೇಕೇಬೇಕು. ಆ ವರ್ಷಗಳ ಮಳೆಯನ್ನು ತಾಲೂಕು ಕಚೇರಿಯ ಅಂಗಳದ ಮಾಪಕ ಅಳೆದಿಟ್ಟಿರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಹೊಂದಿದರೆ ಒಳಗಿನ ಹಳೆಯ ಉಂಗುರಗಳ ಮಾತನ್ನೂ ನಂಬಬಹುದು. ಹೊರಗಿನ ತುದಿಯಿಂದಲೇ ಎಣಿಕೆ ಶುರು. ಕಡಿದ ವರ್ಷ ಇದು, ಅದರ ಹಿಂದಿನದು ಇದು, ಹೀಗೆ. ತುದಿ ತಪ್ಪಿದರೆ ಯಾವ ಉಂಗುರ ಯಾವ ವರ್ಷದ್ದೆಂದು ದೇವರಿಗೂ ಗೊತ್ತಾಗುವುದಿಲ್ಲ.

ಬೇರೆಯವರೆಲ್ಲ ಮಳೆ ದಂಡಿಯಾಗಿ ಬೀಳುವ ಕಾಡಿನ ಗಿಡ ಹುಡುಕುತ್ತಿದ್ದ ಕಾಲ ಅದು, ಎಪ್ಪತ್ತರ ದಶಕದ ಕೊನೆ. ನಮ್ಮ ಡಾಕ್ಟರ್ ಸಾಹೇಬರು ಮಾತ್ರ ಹಟ ಹಿಡಿದರು: ಮಳೆಯ ಬೆಲೆ ಗೊತ್ತಿರುವುದು ಮಳೆ ಕಡಿಮೆ ಇರುವ ಸೀಮೆಯ ಗಿಡಕ್ಕೆ, ಅಲ್ಲಿಯೇ ಹುಡುಕಬೇಕು. ಅವರು ದಕ್ಷಿಣದವರು. ಮಾತು ಮುತ್ತು ಪೋಣಿಸಿದಂತೆ, ಬೂಟು ಕನ್ನಡಿಯಂತೆ. ನಾನು ಹುನಗುಂದದ ಕಡೆಯವನಾದ್ದರಿಂದ ಬಾಗಲಕೋಟೆ, ಬಾದಾಮಿ, ಇಳಕಲ್ಲು ತಿರುಗುವ ಕೆಲಸ ನನ್ನ ಕೊರಳಿಗೆ ಬಿತ್ತು. ನೌಕರಿ ಹಂಗಾಮಿ. ಯೋಜನೆ ಇದ್ದರೆ ನಾನಿದ್ದೆ.

ಮೊದಲ ಗಿಡ ಬನಶಂಕರಿಯಲ್ಲಿ ಸಿಕ್ಕಿತು. ಹೊಂಡದ ಸಮೀಪದ ಒಂದು ತೋಟದಲ್ಲಿತ್ತು, ಇಬ್ಬರು ತಬ್ಬಿದರೂ ಕೈ ಕೂಡದಂಥ ಬೊಡ್ಡೆ. ಅದನ್ನು ಕಡಿಯುವಂತಿರಲಿಲ್ಲ. ಪೊಳ್ಳು ಸಲಾಕೆಯನ್ನು ತಿರುವುತ್ತ ಒಳಗಿಳಿಸಿ, ಪೆನ್ಸಿಲಿನಷ್ಟು ದಪ್ಪದ ಕಟ್ಟಿಗೆ ಹೊರಗೆ ತೆಗೆಯುವ ಪರದೇಶದ ಉಪಕರಣವೊಂದಿತ್ತು ನಮ್ಮ ಹತ್ತಿರ. ಸಾಹೇಬರು ಅದನ್ನು ಸೂಟಿನ ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಳ್ಳುತ್ತಿದ್ದರು. ನಾನು ತಿರುವಲು ನಿಂತಾಗ ಸುತ್ತ ಜನ ಸೇರಿತು. ತೋಟದ ಮುದುಕ ಬಹಳ ಹೊತ್ತು ನೋಡಿ, ಗಿಡಕ್ಕ ಯಾ ರೋಗಕ್ಕ ಸೂಜಿ ಹಾಕಾಕತ್ತೀರಿ ಎಂದು ಕೇಳಿದ. ರೋಗ ಇಲ್ಲ, ವಯಸ್ಸು ನೋಡುತ್ತಿದ್ದೇವೆ ಅಂದೆ. ವಯಸ್ಸು ಬೇಕಿದ್ದರ ನನ್ನ ಕೇಳಬೇಕಿಲ್ಲೇನು, ನಮ್ಮಜ್ಜ ಹಚ್ಚಿದ್ದು ಅಂದ. ಅಜ್ಜ ಯಾವಾಗ ಹುಟ್ಟಿದ ಎಂದರೆ, ಗಿಡ ಹಚ್ಚೋ ಮುಂಚೆ ಅಂದ.

ಸಲಾಕೆ ಎರಡು ಕಟ್ಟಿಗೆ ಕೊಟ್ಟಿತು. ಮೂರನೆಯದಕ್ಕೆ ಸಾಹೇಬರು ತಾವೇ ಕೈ ಹಾಕಿದರು. ಟಕ್ಕೆಂದಿತು. ಮುಂದಿನ ತುದಿ ಗಿಡದೊಳಗೇ ಉಳಿಯಿತು, ಈಗಲೂ ಅಲ್ಲೇ ಇರಬೇಕು. ಹೊಸದು ಪರದೇಶದಿಂದ ಬರಬೇಕಿತ್ತು. ಅದು ಬರುವಷ್ಟರಲ್ಲಿ ನಾನು ಮದುವೆಯಾಗಬಹುದು ಎಂದು ಕಚೇರಿಯಲ್ಲಿ ನಗುತ್ತಿದ್ದರು. ಮದುವೆಯಾಯಿತು, ಸಲಾಕೆ ಬರಲಿಲ್ಲ.

ಆ ಎರಡು ಕಟ್ಟಿಗೆಯ ಮೇಲೆ ವರ್ಷವೊಂದು ಹೋಯಿತು. ಈಗಿನವರು ಕೂದಲೆಳೆಯಷ್ಟು ಚೂರನ್ನು ಯಂತ್ರಕ್ಕೆ ಹಾಕಿ ಚಹಾ ಕುಡಿದು ಬರುವಷ್ಟರಲ್ಲಿ ಉತ್ತರ ಪಡೆಯುತ್ತಾರೆ. ಒಂದೇ ಉಂಗುರವನ್ನು ಹತ್ತು ಹೋಳು ಮಾಡಿ, ಮುಂಗಾರು ಬೇರೆ, ಹಿಂಗಾರು ಬೇರೆ ಅನ್ನುತ್ತಾರೆ. ನಾವು ಉಂಗುರಗಳನ್ನು ಬ್ಲೇಡಿನಿಂದ ಬಿಡಿಸಬೇಕಿತ್ತು. ಆಮೇಲೆ ಅದನ್ನು ಔಷಧಗಳಲ್ಲಿ ಕುದಿಸಿ ಬಣ್ಣ, ಅಂಟು, ಎಣ್ಣೆ ಎಲ್ಲ ತೆಗೆಯಬೇಕು. ಕೊನೆಗೆ ಹತ್ತಿಯಂಥ ಬೆಳ್ಳನೆಯ ನಾರು ಉಳಿಯಬೇಕು. ಅದರ ಹೊಗೆಗೆ ಕಣ್ಣುರಿ, ಕೆಮ್ಮು. ಅಂಗಿ ತೊಳೆಯುವಾಗ ನನ್ನ ಹೆಂಡತಿ ಮೂಗಿಗೆ ಸೆರಗು ಹಿಡಿಯುತ್ತಿದ್ದಳು. ಹೊರಗಿನ ಎಣ್ಣೆಯೋ ಡಾಂಬರೋ ಒಂದು ತೊಟ್ಟು ಸೇರಿದ್ದರೂ ಆ ಉಂಗುರದ ಮಾತು ನಂಬುವಂತಿಲ್ಲ. ತೂಗುವ ಯಂತ್ರ ಬೇರೆ ಊರಿನದು, ಅನೇಕ ವಿಭಾಗಗಳಿಗೆ ಅದೊಂದೇ. ನಮ್ಮ ಸರದಿ ಬಂದ ದಿನ ಕರೆಂಟು ಇದ್ದರೆ ಪುಣ್ಯ.

ಉತ್ತರ ಬಂತು. ಗ್ರಾಫಿನ ಗೆರೆ ರೈಲಿನ ಹಳಿಯಂತೆ ಸೀದಾ ಹೋಗಿತ್ತು. ಸೀಮೆಯೆಲ್ಲ ಗುಳೆ ಎದ್ದು ಹೋದ ವರ್ಷವೂ ಒಂದೇ, ಹೊಳೆ ಊರೊಳಗೆ ಬಂದ ವರ್ಷವೂ ಒಂದೇ. ಸಾಹೇಬರು ನನ್ನ ಔಷಧದ ಪ್ರಮಾಣವನ್ನು ಅನುಮಾನಿಸಿದರು. ನಾನೂ ಅನುಮಾನಿಸಿದೆ; ಅನುಮಾನಕ್ಕೆ ನಾನು ಯಾವಾಗಲೂ ಸಿದ್ಧ. ಎರಡು ತಿಂಗಳು ಮತ್ತೆ ಅದನ್ನೇ ಮಾಡಿದ ಮೇಲೆ ಒಂದು ಮಧ್ಯಾಹ್ನ ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಹೊಂಡದ ಬಾಜೂಕ್ಕೆ ಬೇರುಬಿಟ್ಟ ಗಿಡಕ್ಕೆ ಬರ ಎಲ್ಲಿಯದು? ಹುಟ್ಟಿದಾಗಿನಿಂದ ಅದು ಹೊಟ್ಟೆ ತುಂಬ ನೀರು ಕುಡಿದಿತ್ತು. ಸಿರಿವಂತರ ಮನೆ ಮಗನನ್ನು ಹಸಿವಿನ ಬಗ್ಗೆ ಕೇಳಿದಂತಾಯಿತು ನಮ್ಮ ಸಂಶೋಧನೆ.

ಮುಂದಿನ ವರ್ಷ ಬಾಗಲಕೋಟೆಯ ಹಳೆಯ ವಾಡೆ. ಮಾಳಿಗೆ ಇಳಿಸುತ್ತಿದ್ದಾರೆ, ತೊಲೆಗಳು ಅಜ್ಜ ಮುತ್ತಜ್ಜರ ಕಾಲದವು ಎಂದು ಯಾರೋ ಹೇಳಿದರು. ಗಿಡ ಕಡಿಯುವ ರಗಳೆಯೇ ಇಲ್ಲ, ಕಟ್ಟಿದ ವರ್ಷ ಬಾಗಿಲ ಮೇಲೆಯೇ ಕೆತ್ತಿದೆ, ಆ ಕಾಲಕ್ಕೆ ಮಾಪಕವೂ ಬಂದಿತ್ತು ಎಂದು ಸಾಹೇಬರು ಕುಣಿದಾಡಿದರು. ಮೂರು ತೊಲೆಗಳ ತುಂಡು ತಂದೆ, ಕುದಿಸಿದೆ, ಕೆಮ್ಮಿದೆ. ಈ ಸಲ ಗೆರೆ ಚೆಂದಾಗಿ ಕುಣಿಯುತ್ತಿತ್ತು. ಸಾಹೇಬರು ಪ್ರಬಂಧದ ಮೊದಲ ಪುಟ ಬರೆದೂ ಬಿಟ್ಟರು. ವಾಡೆಯ ಯಜಮಾನರಿಗೆ ಕೃತಜ್ಞತೆ ಹೇಳಲು ಹೋದಾಗ, ಈ ಕಟ್ಟಿಗೆ ಯಾವ ಊರ ಹೊಲದ್ದು ಎಂದು ಕೇಳಿದೆ. ಮೊದಲೇ ಕೇಳಬೇಕಿತ್ತಲ್ಲ ಎಂದು ನೀವು ಅನ್ನಬಹುದು. ನನ್ನ ಹೆಂಡತಿಯೂ ಅದನ್ನೇ ಅಂದಳು. ದಾಂಡೇಲಿ ಅಡವಿಯಿಂದ ತರಿಸಿದ ತೊಲೆಗಳಂತೆ. ನಾವು ಅಷ್ಟೂ ತಿಂಗಳು ದಾಂಡೇಲಿಯ ಮಳೆಯನ್ನು ಬಾಗಲಕೋಟೆಯ ತಲೆಯ ಮೇಲೆ ಸುರಿಸಿದ್ದೆವು.

ಆಮೇಲೆ ಸಾಹೇಬರು ನನ್ನನ್ನು ಕರೆದು ಮೆಲ್ಲನೆ ಮಾತಾಡಿದರು. ಅವರು ಮೆಲ್ಲಗೆ ಮಾತಾಡಿದರೆ ಸುದ್ದಿ ಕೆಟ್ಟದ್ದೆಂದೇ ಲೆಕ್ಕ. ಯಂತ್ರದ ಮುಂದಿನ ಸರದಿಯೇ ನಮಗೆ ಕೊನೆಯದು. ಅಷ್ಟರೊಳಗೆ ಒಣ ಹೊಲದಲ್ಲಿ ತಾನೇ ಬೆಳೆದ, ಮಳೆಮಾಪಕದ ಹತ್ತಿರದ ಒಂದು ಗಿಡ ಸಿಗದಿದ್ದರೆ ಯೋಜನೆ ಮುಚ್ಚುತ್ತದೆ. ನನ್ನನ್ನು ಬಹುಶಃ ಕಲ್ಲಿನ ವಿಭಾಗದವರು ಇಟ್ಟುಕೊಳ್ಳುತ್ತಾರೆ. "ಬಹುಶಃ" ಎಂಬ ಮಾತನ್ನು ಅವರು ಎಷ್ಟು ಸ್ಪಷ್ಟವಾಗಿ ಉಚ್ಚರಿಸಿದರೆಂದರೆ ಇವತ್ತಿಗೂ ಕಿವಿಯಲ್ಲಿದೆ.

ಗಿಡ ಸಿಕ್ಕಿತು. ಗುಡೂರಿನ ಹೊರಗೆ ನೀಲವ್ವ ಎಂಬ ಹೆಣ್ಣುಮಗಳ ಹೊಲದ ಬದುವಿನಲ್ಲಿ. ಹತ್ತಿರ ಬಾವಿಯಿಲ್ಲ, ಹಳ್ಳವಿಲ್ಲ. ಬರೀ ಮಳೆಯನ್ನೇ ನಂಬಿ ಬೆಳೆದು ಸೊಟ್ಟಗಾದ, ಒರಟು ಸಾಗವಾನಿ. ನೋಡಿದ ಕೂಡಲೇ ನನಗೆ ಗೊತ್ತಾಯಿತು, ಇದು ಕಷ್ಟ ಕಂಡ ಗಿಡ. ನೀಲವ್ವನ ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮಗಳನ್ನು ಇಳಕಲ್ಲಿಗೆ ಕೊಟ್ಟಿದ್ದಳು, ಸೀರೆ ನೇಯುವ ಮನೆಗೆ. ಅಳಿಯನಿಗೆ ಮಗ್ಗಗಳ ಕಟ್ಟಿಗೆಗೆಂದು ಈ ಗಿಡ ಕಡಿಸುವವಳಿದ್ದಳು, ಪರವಾನಗಿಯೂ ಆಗಿತ್ತು. ಬುಡದ ಒಂದು ಗೇಣು ದಪ್ಪದ ಬಿಲ್ಲೆ ಕೊಡು ಸಾಕು ಎಂದು ಬೇಡಿಕೊಂಡೆ.

"ಮಗ್ಗಕ್ಕ ಗೇಣುದ್ದ ಕಟಿಗಿ ಎದಕ್ಕ ಬರ್ತೈತಿ, ಒಯ್ಯಿ ತಮ್ಮಾ," ಅಂದಳು. "ಆದ್ರ ಮಳಿ ಎಷ್ಟ ಬಿದ್ದಿತ್ತು ಅಂತ ಗಿಡಾ ಕೇಳೂದ್ಯಾಕ? ನಾ ಇಲ್ಲೇ ಕುಂತೇನಿ, ನನ್ನ ಕೇಳು. ಯಾವತ್ತೂ ಸಾಲಲಿಲ್ಲ. ಬರ್ಕೋ."

ಕಡಿಯುವ ದಿನ ಬೆಳಿಗ್ಗೆ ಆಕೆ ತಾಟು ಹಿಡಿದು ಬಂದಳು. ಅರಿಷಿಣ, ಕುಂಕುಮ, ವಿಭೂತಿ, ಕಾಯಿ, ಜೊತೆಗೆ ಒಂದು ಬಟ್ಟಲು ಒಳ್ಳೆಣ್ಣೆ. ಆ ಕಡೆ ದೊಡ್ಡ ಗಿಡಕ್ಕೆ ಕೊಡಲಿ ಹಾಕುವ ಮುಂಚೆ ಅದರ ಬುಡಕ್ಕೆ ಪೂಜೆ ಮಾಡಿ, ಹಿಂಗಹಿಂಗ ಮಾಡಾಕತ್ತೇವಿ, ಸಿಟ್ಟಾಗಬ್ಯಾಡ ಎಂದು ಹೇಳುತ್ತಾರೆ. ನಾನು ಚಿಕ್ಕಂದಿನಿಂದ ನೋಡಿದ್ದೆ. ಆದರೆ ಆ ಬಟ್ಟಲು ಕಂಡದ್ದೇ ಗಿಡಕ್ಕೆ ಅಡ್ಡ ಹೋಗಿ ನಿಂತೆ. ಯವ್ವಾ, ಎಣ್ಣೆ ಬ್ಯಾಡ ಅಂದೆ. ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಎಣ್ಣಿ ಹಚ್ಚಲಾರ್ದ ಯಾರಿಗೆ ನೀರು ಹಾಕ್ತಾರ? ಸಾಯೋದಕ್ಕೂ ಮರ್ಯಾದಿ ಬ್ಯಾಡೇನು?"

ಗಿಡ ಕಡಿಯಲು ಬಂದಿದ್ದ ನಾಲ್ವರು ಕೊಡಲಿ ಊರಿಕೊಂಡು ನನ್ನನ್ನೇ ನೋಡುತ್ತಿದ್ದರು. ಜೀಪಿನ ಡ್ರೈವರ್ ಹುಸೇನಸಾಬರು ಕೆಮ್ಮಿದರು. ಹಗುರ ಆಮ್ಲಜನಕ, ಭಾರ ಆಮ್ಲಜನಕ ಎಂದು ಶುರು ಮಾಡಿದೆ. ನನಗೇ ನಾಚಿಕೆಯಾಗಿ ಬಿಟ್ಟೆ. ಕೊನೆಗೆ ಹುಸೇನಸಾಬರೇ ದಾರಿ ಹುಡುಕಿದರು. ಅವ್ವಾರ, ಎಣ್ಣಿ ಮ್ಯಾಲಿನ ಟೊಂಗಿಗೆ ಹಚ್ಚರಿ, ತಲಿಗೆ ಎಣ್ಣಿ ಹಚ್ಚೂದೇ ರೂಢಿ, ಕಾಲಿಗಲ್ಲ, ಅಂದರು. ನೀಲವ್ವ ಆ ಮಾತನ್ನು ತೂಗಿ ನೋಡಿ ಒಪ್ಪಿದಳು. ಒಬ್ಬನನ್ನು ಗಿಡ ಹತ್ತಿಸಿ ತುದಿಯ ಟೊಂಗೆಗೆ ಎಣ್ಣೆ ಹಚ್ಚಿಸಿದಳು. ಬುಡಕ್ಕೆ ಒಣ ವಿಭೂತಿ ಮಾತ್ರ, ಅದೂ ತೊಗಟೆಯ ಮೇಲೆ. ಅಡ್ಡಿಯಿಲ್ಲ ಎಂದುಕೊಂಡೆ.

ಗಿಡ ಜೋಳದ ಮೇಲೆ ಬೀಳಲಿಲ್ಲ. ಸೀಳಲಿಲ್ಲ. ಪೊಳ್ಳಿರಲಿಲ್ಲ. ಮೈದುನರು ಬಂದರು, ಆದರೆ ಬಡಿಗೆ ಇಲ್ಲದೆ, ಕಾಯಿ ಪ್ರಸಾದಕ್ಕೆ. ಕೊಡಲಿಯಿಂದ ಕಡಿದ ಬುಡ ಏರುಪೇರಾಗಿರುವುದರಿಂದ ಬಿಲ್ಲೆಯನ್ನು ಗರಗಸದಿಂದ ಸಮನಾಗಿ ಕೊಯ್ಸಬೇಕಿತ್ತು. ದಿಮ್ಮಿ ಗಾಡಿಯಲ್ಲಿ ಇಳಕಲ್ಲಿಗೆ, ಬಡಿಗೇರ ಮೌನೇಶಪ್ಪನವರ ಅಂಗಳಕ್ಕೆ ಹೋಯಿತು. ಅಚ್ಚು ಮುರಿಯಲಿಲ್ಲ. ಅಲ್ಲಿ ಬೇಸಿಗೆಯ ತನಕ ನೆರಳಲ್ಲಿ ಒಣಗಿತು. ಅತ್ತ ನೀಲವ್ವ ನೆಲದಲ್ಲಿ ಉಳಿದ ಬೊಡ್ಡೆಯನ್ನು ಬೇರು ಸಹಿತ ಕೀಳಿಸಿ ಬದು ಸಾಪು ಮಾಡಿಸಿದಳು. ಬೇರು ಇಟ್ಟಂಗಿ ಭಟ್ಟಿಗೆ, ಟೊಂಗೆಗಳು ಊರಿನ ಒಲೆಗಳಿಗೆ. ನಮಗೆ ಉಳಿದದ್ದು ಇಳಕಲ್ಲಿನ ದಿಮ್ಮಿಯೊಂದೇ.

ಮೌನೇಶಪ್ಪನವರು ಮಗ್ಗದ ಕಟ್ಟಿಗೆಯಲ್ಲಿ ಆ ಊರಿಗೆಲ್ಲ ಹೆಸರಾದವರು. ಸಣ್ಣ ಆಳು, ದೊಡ್ಡ ಮೀಸೆ, ಕೇಳಿದ್ದಕ್ಕಷ್ಟೇ ಮಾತು. ನಾನು ಅವರ ಮುಂದೆ ಕುಕ್ಕರಗಾಲಲ್ಲಿ ಕೂತು ಹೇಳಿದೆ: ಎಣ್ಣೆ ಹಚ್ಚಬಾರದು, ಡಾಂಬರು ಬಳಿಯಬಾರದು, ವಾರ್ನಿಶು ಬೇಡ, ಸರಸಿನ ಅಂಟು ಬೇಡ, ಗೆರೆ ಹಾಕಲು ಬಣ್ಣದ ದಾರ ಬೇಡ, ಗರಗಸಕ್ಕೆ ಎಣ್ಣೆ ಉಣ್ಣಿಸಬೇಡಿ, ಬೆವರ ಕೈ ಕೂಡ ಒರೆಸಿಕೊಳ್ಳಿ. ಇನ್ನೊಮ್ಮೆ ಹೇಳಿದೆ. ಅವರು ಎರಡೂ ಸಲ ತಲೆಯಾಡಿಸಿದರು. ಕೊನೆಗೆ, ಹೊರಡುವಾಗ, ಊರ ರೂಢಿಯಂತೆ ಅಂದೆ:

"ದೂರದಿಂದ ದೊಡ್ಡ ಸಾಹೇಬ್ರು ನೋಡಾಕ ಬರ್ತಾರ್ರಿ. ಛಲೋ ಮಾಡಿ ಕೊಡ್ರಿ."

"ಮೌನೇಶಿ ಕೈಯಾಗ ಕೊಟ್ಟೀರಿ," ಅಂದರು ಅವರು. "ನಿಶ್ಚಿಂತಿ ಇರ್ರಿ."

ನಿಶ್ಚಿಂತೆಯಿಂದಿರುವುದು ನನಗೆ ಬರುವುದಿಲ್ಲ. ಕೊಯ್ಯುವಾಗ ಪಕ್ಕದಲ್ಲೇ ನಿಲ್ಲುವವನಿದ್ದೆ. ಆದರೆ ಅದೇ ವಾರ ಸಾಹೇಬರು ರೈಲಿನಲ್ಲಿ ಬಾದಾಮಿಗೆ ಬಂದಿಳಿದರು. ಬಿಲ್ಲೆಯನ್ನು ತಾವೇ ಒಯ್ಯಬೇಕೆಂದು ಬಂದವರು, ಬಂದದ್ದು ಬಂದೆ, ಗುಹೆಗಳನ್ನು ನೋಡಬೇಕಲ್ಲ ಅಂದರು. ನಾಲ್ಕೂ ಗುಹೆ ನೋಡಿದೆವು. ಮೆಟ್ಟಿಲ ಮೇಲೆ ಮಂಗವೊಂದು ಅವರ ಟೊಪ್ಪಿಗೆ ಕಸಿಯಿತು. ಅದನ್ನು ಶೇಂಗಾ ಕೊಟ್ಟು ಬಿಡಿಸಿಕೊಳ್ಳುವುದರಲ್ಲಿ ಒಂದು ತಾಸು. ಪಟ್ಟದಕಲ್ಲಿಗೂ ಹೋಗೋಣ ಅಂದರು. ದಾರಿಯಲ್ಲಿ ಜೀಪು ತನ್ನ ವಚನ ಪಾಲಿಸಿತು. ಹುಸೇನಸಾಬರು ಅದರ ಕೆಳಗೆ ಮಲಗಿ ಬೈಯುತ್ತಿದ್ದರೆ, ಸಾಹೇಬರು ಬೇವಿನ ನೆರಳಲ್ಲಿ ನಿಂತು ಶಿಲ್ಪಕಲೆಯ ಬಗ್ಗೆ ನನಗೆ ಪಾಠ ಹೇಳಿದರು. ನನ್ನ ತಲೆಯಲ್ಲಿ ಗರಗಸ ಓಡುತ್ತಿತ್ತು. ನಾವು ಇಳಕಲ್ಲು ಮುಟ್ಟಿದ್ದು ಮರುದಿನ ಮಧ್ಯಾಹ್ನ.

ಮೌನೇಶಪ್ಪನವರು ತಲೆಗೆ ಹಸನಾದ ಪಟಗ ಸುತ್ತಿ ಕಾಯುತ್ತಿದ್ದರು. ಅಂಗಳದಲ್ಲಿ ಕಂಬಳಿ ಹಾಸಿ ಕೂಡಿಸಿದರು. ಮನೆಯವರು ಚಹಾ ತಂದುಕೊಟ್ಟರು, ಯಾಲಕ್ಕಿ ಹಾಕಿದ್ದು. ಉರಿಬಿಸಿಲಲ್ಲಿ ಬಂದಿದ್ದೆವು, ನಾನು ಸಾಸರಿಗೆ ಹಾಕಿಕೊಂಡು ಸರಸರ ಕುಡಿದೆ. ಸಾಹೇಬರು ಆರಲೆಂದು ಕಪ್ಪು ಹಿಡಿದೇ ಕೂತರು. ಎಣ್ಣೆ ಹಚ್ಚಿಲ್ಲವಲ್ಲ ಎಂದು ಕೇಳಿದೆ. ಇಲ್ಲ. ಡಾಂಬರು? ಇಲ್ಲ. ಗರಗಸಕ್ಕೆ? ಇಲ್ಲ, ಒಣಾ ಗರಗಸದಾಗ ಕೊಯ್ದು ತೋಳು ಹೋದುವು ಅಂದರು. ಆಮೇಲೆ ಒಳಗೆ ಹೋಗಿ, ತೊಳೆದ ಧೋತರದಲ್ಲಿ ಸುತ್ತಿದ ಬಿಲ್ಲೆಯನ್ನು ಎರಡೂ ಕೈಯಲ್ಲಿ ಎತ್ತಿ ತಂದು ಸಾಹೇಬರ ಮುಂದೆ ಬಿಚ್ಚಿದರು.

ಅಷ್ಟು ಸುಂದರವಾದ ಕಟ್ಟಿಗೆಯನ್ನು ನಾನು ಆಮೇಲೆ ನೋಡಿಲ್ಲ. ಮೇಲ್ಮೈ ಹಾಲಿನ ಕೆನೆಯಂತೆ ಸಮ, ಉಂಗುರಗಳು ಎಣಿಸಿಕೊಳ್ಳಿ ಎಂದು ಕೂಗುವಂತೆ ಸ್ಪಷ್ಟ. ಸಾಹೇಬರು ಭೂತಗನ್ನಡಿ ತೆಗೆದು ಬಗ್ಗಿದರು. ನಡುವಿನಿಂದ ಬೆರಳು ಸರಿಸುತ್ತ ಹೊರಗೆ ಬಂದರು. ಅಂಚಿನಲ್ಲಿ ಬೆರಳು ನಿಂತಿತು. ಬಿಲ್ಲೆಯನ್ನು ತಿರುಗಿಸಿದರು. ಮತ್ತೆ ತಿರುಗಿಸಿದರು. ಅದು ಬಳೆಯಂತೆ ಗುಂಡಗಿತ್ತು. ಗುಡೂರಿನ ಗಿಡ ಗುಂಡಗಿರಲಿಲ್ಲ.

"ಇದರ ತೊಗಟೆ ಎಲ್ಲಿ?" ಅಂದರು.

ತೊಗಟೆ ಯಾರಿಗೆ ಬೇಕು, ಕೆತ್ತಿ ತೆಗೆದೆ ಎಂದು ಮೌನೇಶಪ್ಪ ಹೇಳಿದರು. ತೊಗಟೆಯ ಒಳಗೆ ಬಿಳಿ ಪದರು ಇತ್ತಲ್ಲ ಎಂದು ನಾನು ಕೇಳಿದೆ.

"ಬಿಳೇದು ಹುಳಾ ಹಿಡೀತೈತ್ರಿ," ಅಂದರು ಅವರು, ಸಣ್ಣ ಹುಡುಗನಿಗೆ ತಿಳಿಸಿ ಹೇಳುವಂತೆ. "ನಮ್ಮಪ್ಪನ ಕಾಲದಿಂದ್ಲೂ ಈ ಅಂಗಳದಾಗಿಂದ ಬಿಳೇ ಕಟಿಗಿ ಹೊರಗ ಹೋಗಿಲ್ಲ. ನೀವು ಛಲೋ ಮಾಡಿ ಕೊಡ್ರಿ ಅಂದ್ರಿ. ಸುತ್ತೂ ಕೆತ್ತಿ ಬರೀ ಒಳಗಿನ ಗಟ್ಟಿ ಕೆಚ್ಚು ಉಳಿಸೇನಿ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಏನೂ ಆಗೂದಿಲ್ಲ."

ಉಳಿದ ದಿಮ್ಮಿಯ ಕಡೆ ನೋಡಿದೆ. ಮಗ್ಗದ ಕಟ್ಟಿಗೆಗಳಾಗಿ ಸಾಲಾಗಿ ಒರಗಿದ್ದವು. ಒಂದರಲ್ಲೂ ಬಿಳಿಯ ಎಳೆಯಿರಲಿಲ್ಲ. ಮಾಪಕ ಅಳೆದ ವರ್ಷಗಳಲ್ಲಿ ಕೊನೆಯವೆಲ್ಲ ಆ ಬಿಳಿಯಲ್ಲಿದ್ದವು. ಎಷ್ಟಿದ್ದವು ಎಂದು ಗೊತ್ತಿಲ್ಲದ್ದರಿಂದ ಉಳಿದವು ಯಾವ ವರ್ಷಗಳವು ಎಂದೂ ಗೊತ್ತಿಲ್ಲ. ಕಣ್ಣ ಮುಂದೆ ಕಲ್ಲಿನ ವಿಭಾಗದ ಹಳದಿ ಗೋಡೆ ಬಂತು. ಮುಂದೆ ಆ ಗೋಡೆಯನ್ನು ನಿವೃತ್ತಿಯಾಗುವ ತನಕ ನೋಡಿದೆ.

ಕೆತ್ತಿದ ಚಕ್ಕೆಗಳಾದರೂ ಇದ್ದರೆ, ಒಂದಾದರೂ ತೊಗಟೆ ಸಹಿತ ಸಿಕ್ಕರೆ, ಬಿಲ್ಲೆಗೆ ಜೋಡಿಸಿ ನೋಡಬಹುದು ಎಂದು ಒಂದು ಆಸೆ ಹೊಳೆಯಿತು. ಬಿಳೇದನ್ನ ಎಲ್ಲಿ ಇಟ್ಟೀರಿ ಎಂದು ಕೇಳಿದೆ. ಮೌನೇಶಪ್ಪನವರು ಗದ್ದ ಎತ್ತಿ ಅಡಿಗೆಮನೆಯ ಬಾಗಿಲು ತೋರಿಸಿದರು. ಒಲೆಯ ಮುಂದೆ ಕೂತಿದ್ದ ಅವರ ಹೆಂಡತಿ ಅಲ್ಲಿಂದಲೇ ಸಂತೋಷದಿಂದ ಹೇಳಿದರು:

"ಭಾಳ ಛಲೋ ಉರೀತ್ರಿ. ಕಡೀಕ ಉಳಿದದ್ದು ನಿಮ್ಮ ಚಹಾಕ್ಕ ಹಾಕಿದೆ."

ಸಾಹೇಬರು ಕಪ್ಪನ್ನು ಮೆಲ್ಲಗೆ ಕೆಳಗಿಟ್ಟರು. ನನ್ನದು ಆಗಲೇ ಖಾಲಿಯಾಗಿತ್ತು.